ಟ್ರಿಕ್ ಮಾಡುವಾಗ ಸ್ಕೀ ಬಿಚ್ಚಿಕೊಳ್ಳುತ್ತಿದೆಯಾ? ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಗುಲ್ಮಾರ್ಗ್, ಔಲಿ, ಸೋಲಂಗ್ ಕಡೆ ಹೋಗಿ ಬಂದ ನಮ್ಮ ಊರಿನ ಹುಡುಗ ಹುಡುಗಿಯರು ಫೋನ್ ಮಾಡಿದರೆ ಮಾತು ಬೇಗ ಬೈಂಡಿಂಗ್‌ಗೆ, ಅಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನಕ್ಕೆ, ಬಂದು ನಿಲ್ಲುತ್ತದೆ. ಕಿಕರ್‌ನಿಂದ, ಅಂದರೆ ಹಾರಲು ಮಾಡಿದ ಹಿಮದ ದಿಬ್ಬದಿಂದ, ಹಾರಿ ಇಳಿದ ಕೂಡಲೇ ಒಂದು ಸ್ಕೀ ಕಳಚಿ ಹೋಯಿತು. ರೇಲ್, ಅಂದರೆ ಮೇಲೆ ಜಾರುವ ಲೋಹದ ಕಂಬಿ, ಹತ್ತುವ ಮೊದಲೇ ಬಿಚ್ಚಿಕೊಂಡಿತು. ಗಾಳಿಯಲ್ಲಿ ಒಂದು ಪೂರ್ತಿ ಸುತ್ತು, 360, ಸರಿಯಾಗಿಯೇ ಸುತ್ತಿದ್ದೆ, ಆದರೆ ನಿಲ್ಲುವಷ್ಟರಲ್ಲಿ ಕಾಲಲ್ಲಿ ಸ್ಕೀ ಇರಲಿಲ್ಲ. ಕೊನೆಗೆ ಎಲ್ಲರೂ ಕೇಳುವುದು ಇದನ್ನೇ: ಸ್ಕ್ರೂ ಎಷ್ಟು ಬಿಗಿ ಮಾಡಲಿ?

ದಾವಣಗೆರೆಯಲ್ಲಿ ಸ್ಕೀ ಅಂಗಡಿ ಇಲ್ಲ. ಹಿಮ ಇರುವ ಜಾಗಕ್ಕೆ ನಾವು ದೇಶದ ಇನ್ನೊಂದು ತುದಿಗೇ ಹೋಗಬೇಕು. ಅಲ್ಲಿ ಹೋದ ಮೇಲೆ ತೊಂದರೆ ಗೊತ್ತಾದರೆ ರಜೆಯ ಅರ್ಧ ಅದರಲ್ಲೇ ಕಳೆಯುತ್ತದೆ. ಹಾಗಾಗಿ ಊರಲ್ಲೇ ನೋಡಿಕೊಳ್ಳಬಹುದಾದ ವಿಷಯಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಬಿಗಿ ಮಾಡುವ ಮಾತು ಬರುವುದು ಇವೆಲ್ಲ ಆದ ಮೇಲೆ.

ಬಿಚ್ಚಿಕೊಂಡಿತು ಅಂದರೆ ಬೈಂಡಿಂಗ್ ಕೆಟ್ಟಿದೆ ಅಂತಲೇ?

ಅಲ್ಲ. ಬಿಚ್ಚಿಕೊಳ್ಳುವುದು ಅದರ ಕೆಲಸ. ಹಿಂದೆ ಬೂಟನ್ನು ಸ್ಕೀಗೆ ಗಟ್ಟಿಯಾಗಿ ಕಟ್ಟಿಬಿಡುತ್ತಿದ್ದರು. ಬಿದ್ದಾಗ ಸ್ಕೀ ತಿರುಚಿಕೊಂಡರೆ ಕಾಲಿನ ಮೂಳೆಯೂ ಅದರ ಜೊತೆ ತಿರುಚಿ ಮುರಿಯುತ್ತಿತ್ತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಹ್ಯಾಲ್ಮರ್ ಹ್ವಾಮ್ ಎಂಬ ಸ್ಕೀ ಆಟಗಾರ ತನ್ನ ಕಾಲು ಮುರಿದುಕೊಂಡ ಮೇಲೆ 1930ರ ದಶಕದ ಕೊನೆಯಲ್ಲಿ ತಾನಾಗಿ ಬಿಚ್ಚಿಕೊಳ್ಳುವ ಬೈಂಡಿಂಗ್ ಮಾಡಿದ. ಆಮೇಲೆ ಅದು ಬೆಳೆಯುತ್ತಾ ಬಂತು. ಈಗ ಮೊಣಕಾಲಿನ ಕೆಳಗಿನ ಮೂಳೆ ಮುರಿಯುವುದು ಅಷ್ಟು ಕಡಿಮೆಯಾಗಿದ್ದರೆ ಅದಕ್ಕೆ ಮುಖ್ಯ ಕಾರಣ ಈ ಬೈಂಡಿಂಗ್.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಸ್ಕೀ ಹೋದದ್ದರಿಂದ ನೀವು ಬಿದ್ದಿರಾ, ಬೀಳುತ್ತಿದ್ದುದರಿಂದ ಸ್ಕೀ ಹೋಯಿತಾ? ಅಡ್ಡಕ್ಕೆ ಇಳಿದು, ಅಂಚು ಹಿಮಕ್ಕೆ ಸಿಕ್ಕಿ ಮೈ ತಿರುಗಿದ ಮೇಲೆ ಸ್ಕೀ ಹೋಗಿದ್ದರೆ ಬೈಂಡಿಂಗ್ ನಿಮ್ಮ ಕಾಲು ಉಳಿಸಿದೆ. ನೇರವಾಗಿ, ಎರಡೂ ಕಾಲಿನ ಮೇಲೆ ತೂಕ ಸಮ ಇಟ್ಟು ಇಳಿದಾಗಲೂ ಹೋಗಿದ್ದರೆ ಅದು ಬೇಗ ಬಿಚ್ಚಿಕೊಂಡದ್ದು. ಗೆಳೆಯರು ತೆಗೆದ ವಿಡಿಯೋ ಇದ್ದರೆ ನಿಧಾನಕ್ಕೆ ಓಡಿಸಿ ನೋಡಿ. ನೆನಪನ್ನು ನಂಬಬೇಡಿ, ಬಿದ್ದವರಿಗೆಲ್ಲ ತಾವು ಸರಿಯಾಗಿಯೇ ಇಳಿದೆವು ಅನ್ನಿಸುತ್ತದೆ.

ಡಿನ್ ಸಂಖ್ಯೆ ಒಂದೆರಡು ಜಾಸ್ತಿ ಮಾಡಿದರೆ ಸರಿಹೋಗಲ್ವಾ?

ಡಿನ್ ಅಂದರೆ ಬೈಂಡಿಂಗ್ ಎಷ್ಟು ಬಲಕ್ಕೆ ಬಿಚ್ಚಬೇಕು ಅನ್ನುವ ಸಂಖ್ಯೆ, ಜಾಸ್ತಿಯಾದಷ್ಟೂ ಬಿಗಿ. ಏರಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಆದರೆ ಮೊದಲ ಹೆಜ್ಜೆ ಅದಾಗಬಾರದು. ಬೂಟ್ ಮತ್ತು ಬೈಂಡಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಸಂಖ್ಯೆ ಏರಿಸಿದರೂ ಸ್ಕೀ ನೇರ ಇಳಿದಾಗ ಬಿಚ್ಚಿಕೊಳ್ಳಬಹುದು, ಕಾಲು ತಿರುಚಿದಾಗ ಮಾತ್ರ ಬಿಚ್ಚದೆ ಹೋಗಬಹುದು. ಅಂದರೆ ಬೇಕಾದಾಗ ಹಿಡಿಯುವುದಿಲ್ಲ, ಬೇಕಾದಾಗ ಬಿಡುವುದೂ ಇಲ್ಲ. ಇದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ. ಗುಲ್ಮಾರ್ಗ್‌ನಲ್ಲಿ ಸ್ಕ್ರೂಡ್ರೈವರ್ ಹಿಡಿದು ಎರಡು ಸುತ್ತು ತಿರುಗಿಸಿ "ಈಗ ಹೋಗು" ಅನ್ನುವ ಗೆಳೆಯ ನಿಮಗೆ ಒಳ್ಳೆಯದನ್ನೇ ಬಯಸಿರಬಹುದು. ಆದರೂ ಬೇಡ ಅನ್ನಿ.

ನನ್ನ ಡಿನ್ ಎಷ್ಟಿರಬೇಕು ಅಂತ ಹೇಗೆ ಗೊತ್ತಾಗುತ್ತದೆ?

ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀವು ಸ್ಕೀ ಮಾಡುವ ರೀತಿ, ಇಷ್ಟನ್ನು ಇಟ್ಟುಕೊಂಡು ಪಟ್ಟಿ ನೋಡುತ್ತಾರೆ. ಈ ಲೆಕ್ಕ ಐಎಸ್‌ಒ 11088 ಮಾನದಂಡದ್ದು. ಪಟ್ಟಿಯಲ್ಲಿ ತೂಕಕ್ಕೊಂದು ಸಾಲು ಇರುತ್ತದೆ. 67ರಿಂದ 78 ಕೆ.ಜಿ. ಒಂದು ಸಾಲು. 167ರಿಂದ 178 ಸೆಂ.ಮೀ. ಎತ್ತರಕ್ಕೂ ಅದೇ ಸಾಲು. ತೂಕ ಒಂದು ಸಾಲು, ಎತ್ತರ ಇನ್ನೊಂದು ಸಾಲು ತೋರಿಸಿದರೆ ಮೇಲಿನದನ್ನು, ಅಂದರೆ ಸಡಿಲ ಇರುವುದನ್ನು ಹಿಡಿಯುತ್ತಾರೆ. ನಿಧಾನಕ್ಕೆ ಹೋಗುವವರು ಟೈಪ್ 1. ಟೈಪ್ 2 ಆದರೆ ಒಂದು ಸಾಲು ಕೆಳಗೆ, ವೇಗವಾಗಿ ಜೋರಾಗಿ ಹೋಗುವ ಟೈಪ್ 3 ಆದರೆ ಎರಡು ಸಾಲು ಕೆಳಗೆ. 50 ದಾಟಿದವರಿಗೆ ಮತ್ತು ಚಿಕ್ಕ ಮಕ್ಕಳಿಗೆ ಒಂದು ಸಾಲು ಮೇಲೆ.

ಬೂಟಿನ ಅಡಿಯ ಉದ್ದ ಮಿಲಿಮೀಟರ್‌ನಲ್ಲಿ ಬೂಟಿನ ಪಕ್ಕದಲ್ಲೇ, ಹೆಚ್ಚಾಗಿ ಹಿಮ್ಮಡಿ ಹತ್ತಿರ ಬರೆದಿರುತ್ತದೆ. 305, 315, ಹೀಗೆ. ಅದು ನಿಮ್ಮ ಕಾಲಿನ ಸೈಜ್ ಅಲ್ಲ. ಇಬ್ಬರ ಕಾಲು ಒಂದೇ ಸೈಜ್ ಇದ್ದರೂ ಕಂಪನಿ ಬೇರೆಯಾದರೆ ಈ ಉದ್ದ ಬೇರೆ ಇರುತ್ತದೆ.

ಇಲ್ಲಿ ನಮ್ಮವರು ಎಡವುವ ಜಾಗ ಒಂದಿದೆ. ಬಾಡಿಗೆ ಅಂಗಡಿಯ ಫಾರ್ಮ್‌ನಲ್ಲಿ ಸಂಕೋಚಪಟ್ಟು ಟೈಪ್ 1 ಅಂತ ಬರೆದು, ಸೀದಾ ಜಂಪ್ ಕಡೆ ಹೋಗುತ್ತಾರೆ. ಟೈಪ್ 1ಕ್ಕೆ ಕೂರಿಸಿದ ಬೈಂಡಿಂಗ್ ಜಂಪ್‌ನಲ್ಲಿ ಬಿಚ್ಚಿಕೊಂಡರೆ ಅದರ ತಪ್ಪಲ್ಲ. ಹಾಗೆಯೇ ತೂಕ ಸುಳ್ಳು ಹೇಳಬೇಡಿ. ಚಳಿಗಾಲದಲ್ಲಿ ನಾಲ್ಕು ಕೆ.ಜಿ. ಏರಿದ್ದರೆ ಏರಿದ್ದನ್ನೇ ಹೇಳಿ.

ಫಾರ್ವರ್ಡ್ ಪ್ರೆಶರ್ ಅಂದರೇನು? ಎಲ್ಲರೂ ಅದನ್ನೇ ಹೇಳುತ್ತಾರೆ.

ಹೇಳಲೇಬೇಕು. ಬೇಗ ಬಿಚ್ಚಿಕೊಳ್ಳುವ ಬೈಂಡಿಂಗ್ ಕಣ್ಣಿಗೆ ಬಿದ್ದರೆ ನಾನು ಮೊದಲು ನೋಡುವುದೇ ಇದನ್ನು.

ಹಿಂದಿನ ಭಾಗ, ಅಂದರೆ ಹೀಲ್ ಪೀಸ್, ಒಂದು ಹಳಿಯ ಮೇಲೆ ಕೂತಿರುತ್ತದೆ. ಅದರೊಳಗಿನ ಸ್ಪ್ರಿಂಗ್ ಬೂಟನ್ನು ಸದಾ ಮುಂದಕ್ಕೆ, ಬೂಟಿನ ಮುಂತುದಿ ಹಿಡಿಯುವ ಟೋ ಪೀಸ್ ಕಡೆಗೆ ಒತ್ತುತ್ತದೆ. ಈ ಒತ್ತಡವೇ ಫಾರ್ವರ್ಡ್ ಪ್ರೆಶರ್. ಡಿನ್ ಸಂಖ್ಯೆ ತೋರಿಸುವ ಸ್ಪ್ರಿಂಗ್ ಬೇರೆ, ಇದು ಬೇರೆ.

ಜಂಪ್‌ನಿಂದ ಇಳಿದಾಗ ಏನಾಗುತ್ತದೆ ನೋಡಿ. ಸ್ಕೀ ಬಾಗುತ್ತದೆ. ಬಾಗಿದಾಗ ಟೋ ಮತ್ತು ಹೀಲ್ ನಡುವಿನ ಅಂತರ ಕಡಿಮೆಯಾಗುತ್ತದೆ. ಬೂಟು ಗಟ್ಟಿ ಪ್ಲಾಸ್ಟಿಕ್, ಅದು ಬಾಗುವುದಿಲ್ಲ. ಹಾಗಾಗಿ ಹೀಲ್ ಪೀಸ್ ಹಳಿಯ ಮೇಲೆ ಸ್ವಲ್ಪ ಹಿಂದೆ ಸರಿಯಬೇಕು, ಸ್ಕೀ ನೇರವಾದ ಕೂಡಲೇ ಮತ್ತೆ ಮುಂದೆ ಬರಬೇಕು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಒತ್ತಡ ಕಡಿಮೆ ಇದ್ದರೆ ಸ್ಕೀ ವಾಪಸ್ ಚಿಮ್ಮುವ ಹೊತ್ತಿಗೆ ಹೀಲ್ ಪೀಸ್ ಬೂಟಿನ ಹಿಂದೆಯೇ ಇರುವುದಿಲ್ಲ. ಹಿಡಿತ ತಪ್ಪುತ್ತದೆ. ಡಿನ್ 7 ಇದ್ದರೂ ಅಷ್ಟೇ, 10 ಇದ್ದರೂ ಅಷ್ಟೇ. ಬೈಕಿನ ಚೈನ್ ಸಡಿಲ ಇದ್ದರೆ ಎಂಜಿನ್ ಎಷ್ಟೇ ಜೋರಿದ್ದರೂ ಗುಂಡಿ ಬಂದಾಗ ಚೈನ್ ಹಲ್ಲು ಬಿಡುತ್ತದಲ್ಲ, ಹಾಗೆ.

ಒತ್ತಡ ಜಾಸ್ತಿಯಾದರೂ ಒಳ್ಳೆಯದಲ್ಲ. ಹೀಲ್ ಪೀಸ್‌ಗೆ ಹಿಂದೆ ಸರಿಯಲು ಜಾಗ ಸಿಗುವುದಿಲ್ಲ. ಬೂಟು ಟೋ ಪೀಸ್‌ಗೆ ಅದುಮಿಕೊಂಡು ಪಕ್ಕಕ್ಕೆ ಬಿಚ್ಚುವುದು ಕಷ್ಟವಾಗುತ್ತದೆ.

ನೋಡುವುದು ಸುಲಭ. ಬೂಟನ್ನು ಹಾಕಿ, ಹೀಲ್ ಪೂರ್ತಿ ಮುಚ್ಚಿಕೊಂಡ ಮೇಲೆಯೇ ನೋಡಬೇಕು. ಬರೀ ಬೈಂಡಿಂಗ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಾರ್ಕರ್ ಕಂಪನಿಯ ಹಲವು ಮಾದರಿಗಳಲ್ಲಿ ಹಿಂಭಾಗದ ಸ್ಕ್ರೂ ತಲೆ ಅದರ ಗೂಡಿನ ಅಂಚಿಗೆ ಸಮ ಬರಬೇಕು. ಹೊರಗೆ ಚಾಚಿರಬಾರದು, ಒಳಗೂ ಹೋಗಿರಬಾರದು. ಬೇರೆ ಕಂಪನಿಗಳಲ್ಲಿ ಚಿಕ್ಕ ಕಿಟಕಿಯೊಳಗೆ ಗೆರೆ ಅಥವಾ ಮುಳ್ಳು ಇರುತ್ತದೆ, ಅದು ಗುರುತಿನ ನಡುವೆ ನಿಲ್ಲಬೇಕು. ನಿಮ್ಮ ಮಾದರಿಯ ಕೈಪಿಡಿ ಕಂಪನಿಯ ತಾಣದಲ್ಲೇ ಸಿಗುತ್ತದೆ. ಇಳಿಸಿಕೊಂಡು, ಚಿತ್ರಕ್ಕೂ ನಿಮ್ಮ ಬೈಂಡಿಂಗ್‌ಗೂ ಹೋಲಿಸಿ. ಎರಡೂ ಸ್ಕೀ ನೋಡಿ, ಒಂದನ್ನೇ ನೋಡಿ ಬಿಡಬೇಡಿ.

ಬೂಟ್ ಬದಲಾದಾಗಲೆಲ್ಲ ಇದನ್ನು ಮತ್ತೆ ಕೂರಿಸಬೇಕು. ಅಣ್ಣನ ಬೂಟು, ಹರಿಹರದ ಗೆಳೆಯನ ಸ್ಕೀ, ಅಂತ ಹಂಚಿಕೊಂಡು ಹೋಗುವವರಲ್ಲಿ ಈ ತೊಂದರೆ ಜಾಸ್ತಿ. 305 ಇದ್ದ ಜಾಗಕ್ಕೆ 310 ಬಂದರೂ ಹೊಂದಾಣಿಕೆ ತಪ್ಪುತ್ತದೆ, ಹೀಲ್ ಮಾತ್ರ ಟಕ್ ಅಂತ ಮುಚ್ಚಿಕೊಳ್ಳುತ್ತದೆ. ಟಕ್ ಅಂದ ಮಾತ್ರಕ್ಕೆ ಸರಿ ಕೂತಿದೆ ಅಂತ ಅಲ್ಲ.

ಬೂಟಿನ ಅಡಿಭಾಗ ಸವೆದಿದ್ದರೆ?

ಖಂಡಿತ ತೊಂದರೆ. ಸ್ಕೀ ಬೂಟಿನ ಮುಂದೆ ಮತ್ತು ಹಿಂದೆ ಚಾಚಿರುವ ತುಟಿಗಳನ್ನೇ ಬೈಂಡಿಂಗ್ ಹಿಡಿಯುವುದು. ಅವುಗಳ ದಪ್ಪ, ಆಕಾರ ಐಎಸ್‌ಒ 5355 ಪ್ರಕಾರ ಇರುತ್ತದೆ. ಊರಲ್ಲಿ ಹೊಸ ಬೂಟ್ ಪಳಗಿಸಲು ಅಂತ ತಾರಸಿ ಮೇಲೆ, ಸಿಮೆಂಟ್ ನೆಲದ ಮೇಲೆ ಓಡಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಪಳಗಿಸಬೇಕಾದರೆ ಚಾಪೆ ಹಾಸಿ ಅದರ ಮೇಲೆ ನಿಲ್ಲಿ. ಹಲವು ಬೂಟುಗಳಲ್ಲಿ ಅಡಿ ತುಂಡುಗಳನ್ನು ಬದಲಿಸಬಹುದು. ಸವೆದು ದುಂಡಗಾಗಿದ್ದರೆ ಬದಲಿಸಿ.

ಗ್ರಿಪ್‌ವಾಕ್ ಅನ್ನುವ ಉಬ್ಬು ರಬ್ಬರ್ ಅಡಿ ಇರುವ ಬೂಟು ಈಗ ಮಾಮೂಲಿ. ಅದಕ್ಕೆ ಒಪ್ಪುವ ಬೈಂಡಿಂಗ್ ಬೇರೆ, ಅದರ ಮೇಲೆ ಹಾಗಂತ ಗುರುತಿರುತ್ತದೆ. ಹಳೆ ಬೈಂಡಿಂಗ್‌ಗೆ ಈ ಬೂಟು ತುರುಕಿದರೆ ಟೋ ಹತ್ತಿರ ಅಡಿ ಅದುಮಿಕೊಳ್ಳುತ್ತದೆ. ಬೂಟಿನ ಕೆಳಗೆ ಟೋ ಪೀಸ್ ಹಿಂದೆ ಒಂದು ಜಾರುವ ತಟ್ಟೆ ಇದೆ, ಎಎಫ್‌ಡಿ ಅನ್ನುತ್ತಾರೆ. ಬೂಟು ಪಕ್ಕಕ್ಕೆ ಹೊರಟಾಗ ಅದರ ಮೇಲೆ ಜಾರಿಯೇ ಹೋಗಬೇಕು, ಜಾರಿಯೇ ವಾಪಸ್ ನಡುವಿಗೆ ಬರಬೇಕು. ತಟ್ಟೆ ಗೀರಿದ್ದರೆ, ಒಡೆದಿದ್ದರೆ, ಮಣ್ಣು ಅಂಟಿದ್ದರೆ ಎರಡೂ ಕೆಡುತ್ತದೆ. ಟೋ ಎತ್ತರ ಹೊಂದಿಸುವ ಮಾದರಿಯಾದರೆ ಬೂಟಿಗೂ ತಟ್ಟೆಗೂ ನಡುವೆ ಎಷ್ಟು ಅಂತರ ಇರಬೇಕು ಅಂತ ಕೈಪಿಡಿಯಲ್ಲಿ ಹೇಳಿರುತ್ತಾರೆ. ಕಾಗದದ ಪಟ್ಟಿ ತೂರಿಸಿ ಎಳೆದು ನೋಡುವುದು ರೂಢಿಯ ಪರೀಕ್ಷೆ.

ಬೂಟಿನ ಕೆಳಗೆ ಹಿಮ ಅಂಟಿದರೆ ಅಷ್ಟು ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ತೆಳುವಾದ ಮಂಜುಗಡ್ಡೆ ಸಾಕು, ಬೂಟು ಸರಿಯಾಗಿ ಕೂರುವುದಿಲ್ಲ. ಪ್ರತಿ ಸಲ ಕೋಲಿನ ತುದಿಯಿಂದ ಕೆರೆದು, ಆಮೇಲೆ ಹಾಕಿಕೊಳ್ಳಿ. ಹೀಲ್ ಲಿವರ್ ಪೂರ್ತಿ ಮೇಲೆ ಬಂದಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ.

ಯಾವ ಟ್ರಿಕ್‌ನಲ್ಲಿ ಬಿಚ್ಚಿತು ಅನ್ನುವುದರಿಂದ ಕಾರಣ ಹಿಡಿಯಬಹುದಾ?

ಬಹಳ ಮಟ್ಟಿಗೆ ಹಿಡಿಯಬಹುದು. ಬಿದ್ದ ಮೇಲೆ ಎದ್ದು ಸ್ಕೀ ಹುಡುಕುವಾಗ ಹೀಲ್ ತೆರೆದಿದೆಯಾ, ಮುಚ್ಚಿಯೇ ಇದೆಯಾ ನೋಡಿ. ಲಿವರ್ ಕೆಳಗೆ ಬಿದ್ದು ತೆರೆದಿದ್ದರೆ ಹಿಂದಿನಿಂದ ಹೋಗಿದೆ. ಮುಚ್ಚಿಯೇ ಇದ್ದರೆ ಹೆಚ್ಚಾಗಿ ಮುಂದಿನಿಂದ, ಪಕ್ಕಕ್ಕೆ ತಿರುಚಿ ಹೋಗಿದೆ. ಹಾಕಿಕೊಳ್ಳುವ ಮೊದಲು ನೋಡಬೇಕು, ಆಮೇಲೆ ಸಾಕ್ಷಿ ಇರುವುದಿಲ್ಲ.

ನೋಸ್ ಬಟರ್ ಮಾಡುವಾಗ, ಅಂದರೆ ಮುಂದಿನ ತುದಿಯ ಮೇಲೆ ಭಾರ ಹಾಕಿ ಬಾಗಿಸಿ ತಿರುಗುವಾಗ, ಹೀಲ್ ಮೇಲಕ್ಕೆ ಎಳೆಯಲ್ಪಡುತ್ತದೆ. ಅಲ್ಲಿ ಹೀಲ್ ಬಿಚ್ಚುವುದು ಸಹಜ. ಟೋ ಪೀಸ್ ಮೇಲೆ ಸಂಶಯಪಟ್ಟು ಅದನ್ನು ಬಿಗಿ ಮಾಡುವುದರಲ್ಲಿ ಅರ್ಥವಿಲ್ಲ. ರೇಲ್ ಮೇಲೆ ಅಂಚು ಸಿಕ್ಕಿಕೊಂಡರೆ ಸ್ಕೀ ತಿರುಚುತ್ತದೆ, ಟೋ ಬಿಡುತ್ತದೆ. ದೊಡ್ಡ ಕಿಕರ್‌ನಲ್ಲಿ ಇಳಿಜಾರು ತಲುಪದೆ ಸಮತಟ್ಟಾದ ಜಾಗಕ್ಕೆ ಬಿದ್ದರೆ ಸ್ಕೀ ಜೋರಾಗಿ ಬಾಗಿ ಚಿಮ್ಮುತ್ತದೆ, ಫಾರ್ವರ್ಡ್ ಪ್ರೆಶರ್ ಸರಿ ಇದೆಯಾ ಅನ್ನುವುದು ಅಲ್ಲಿ ಬಯಲಾಗುತ್ತದೆ. ಕೂತಂತೆ, ಭಾರವೆಲ್ಲ ಹಿಂದೆ ಇಟ್ಟು ಇಳಿಯುವವರ ಸ್ಕೀ ಹಾಗೆ ಚಿಮ್ಮಿ ಹೋಗುವುದು ತುಂಬಾ ಸಾಮಾನ್ಯ. ಅದಕ್ಕೆ ಔಷಧ ಸ್ಕ್ರೂನಲ್ಲಿಲ್ಲ, ಇಳಿಯುವ ರೀತಿಯಲ್ಲಿದೆ.

ಗಾಳಿಯಲ್ಲಿದ್ದಾಗಲೇ ಗ್ರ್ಯಾಬ್ ಮಾಡುವಾಗ, ಅಂದರೆ ಕೈಯಿಂದ ಸ್ಕೀ ಹಿಡಿಯುವಾಗ, ಸ್ಕೀ ಹೋದರೆ? ಹಲವರು ಇದನ್ನು ನಂಬುವುದಿಲ್ಲ, ಆದರೆ ಲೆಕ್ಕ ಹಾಕಿ ನೋಡಿ. ಬೂಟಿನಿಂದ 80 ಸೆಂ.ಮೀ. ದೂರದ ತುದಿಯನ್ನು 5 ಕೆ.ಜಿ. ಎತ್ತುವಷ್ಟು ಬಲದಿಂದ ಪಕ್ಕಕ್ಕೆ ಎಳೆದರೆ ಸುಮಾರು 40 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. ಮೇಲೆ ಹೇಳಿದ 67ರಿಂದ 78 ಕೆ.ಜಿ. ಸಾಲಿನವರು ಟೈಪ್ 1 ಆದರೆ ಅವರ ಬೈಂಡಿಂಗ್ ಬಿಚ್ಚಬೇಕಾದದ್ದು ಸುಮಾರು 43 ನ್ಯೂಟನ್ ಮೀಟರ್‌ಗೆ. ಟೈಪ್ 3 ಆದರೆ ಸುಮಾರು 58ಕ್ಕೆ. ಕೈಯಿಂದ ಜೋರಾಗಿ ಎಳೆಯುವುದೂ ಲೆಕ್ಕಕ್ಕೆ ಬರುತ್ತದೆ ಅಂತ ಆಯಿತಲ್ಲ. ಹಿಡಿಯಿರಿ, ಎಳೆಯಬೇಡಿ. ಮೆಲ್ಲಗೆ ಹಿಡಿದರೂ ಗಾಳಿಯಲ್ಲೇ ಹೋಗುತ್ತಿದ್ದರೆ ಬೂಟು ಸರಿ ಕೂತಿರಲಿಲ್ಲ ಅಥವಾ ಬೈಂಡಿಂಗ್‌ನಲ್ಲೇ ದೋಷವಿದೆ. ಆ ದಿನ ಆ ಸ್ಕೀಯಲ್ಲಿ ಮತ್ತೆ ಜಂಪ್ ಬೇಡ.

ಫ್ರೀಸ್ಟೈಲ್‌ಗೆ, ಅಂದರೆ ಟ್ರಿಕ್ ಮಾಡುವ ಸ್ಕೀಯಿಂಗ್‌ಗೆ, ಯಾವ ಬೈಂಡಿಂಗ್ ಕೊಳ್ಳಲಿ?

ನಿಮ್ಮ ಡಿನ್ ಸಂಖ್ಯೆ ಅದರ ಅಳತೆಯ ನಡುವೆ ಬರುವಂಥದ್ದು. ಸಂಖ್ಯೆ 8 ಇದ್ದರೆ 3ರಿಂದ 10ರದ್ದಕ್ಕಿಂತ 4ರಿಂದ 13ರದ್ದು ಒಳ್ಳೆಯದು. ಹಾಗಂತ 8ರಿಂದ 18ರದ್ದನ್ನು ಅಂದಕ್ಕೆ ಕೊಳ್ಳಬೇಡಿ.

ಇನ್ನೊಂದು ನೋಡಬೇಕಾದ್ದು ಎಲಾಸ್ಟಿಕ್ ಟ್ರಾವೆಲ್. ಬೂಟು ಸ್ವಲ್ಪ ಪಕ್ಕಕ್ಕೆ ಅಥವಾ ಮೇಲಕ್ಕೆ ಹೋಗಿ, ಬಿಚ್ಚದೆ ವಾಪಸ್ ಬರುವ ಅಂತರ ಅದು. ಲುಕ್ ಕಂಪನಿಯ ಪಿವಟ್ ಬೈಂಡಿಂಗ್‌ನ ಹೀಲ್ 28 ಮಿ.ಮೀ. ವರೆಗೆ ಮೇಲೆದ್ದು ವಾಪಸ್ ಬರುತ್ತದೆ ಅಂತ ಕಂಪನಿ ಹೇಳುತ್ತದೆ. ಪಾರ್ಕ್‌ನಲ್ಲಿ, ಅಂದರೆ ಜಂಪ್, ರೇಲ್ ಇರುವ ಜಾಗದಲ್ಲಿ, ಅದನ್ನು ಇಷ್ಟಪಡುವುದು ಈ ಕಾರಣಕ್ಕೇ. ಈ ಅಂತರ ಜಾಸ್ತಿ ಇದ್ದರೆ ಕಡಿಮೆ ಸಂಖ್ಯೆಯಲ್ಲೂ ಸ್ಕೀ ಕಾಲಲ್ಲಿ ಉಳಿಯುತ್ತದೆ, ನಿಜವಾಗಿ ಬಿದ್ದಾಗ ಬಿಡುತ್ತದೆ. ದುಡ್ಡು ಹಾಕುವುದಾದರೆ ನಾನು ಬಣ್ಣಕ್ಕಲ್ಲ, ಇದಕ್ಕೆ ಹಾಕಿ ಅನ್ನುತ್ತೇನೆ. ಬೆಟ್ಟ ಹತ್ತಲು ಮಾಡಿದ ಹಗುರ ಪಿನ್ ಬೈಂಡಿಂಗ್‌ನಲ್ಲಿ ಪಾರ್ಕ್ ಟ್ರಿಕ್ ಬೇಡ.

ಸ್ಕೀ ನಡುವೆ ಬೈಂಡಿಂಗ್ ಕೂರಿಸಿದರೆ ಬೇಗ ಬಿಚ್ಚುತ್ತದಾ?

ಇಲ್ಲ. ಸುತ್ತುವುದು, ಹಿಂದುಮುಂದಾಗಿ ಇಳಿಯುವುದು ಸುಲಭವಾಗಲಿ ಅಂತ ಹಾಗೆ ಕೂರಿಸುತ್ತಾರೆ, ಬಿಚ್ಚುವ ಬಲ ಬದಲಾಗುವುದಿಲ್ಲ. ಆದರೆ ಕೂರಿಸಿದ ಸ್ಕ್ರೂಗಳು ಸಡಿಲವಾಗಿದ್ದರೆ ಇಡೀ ಬೈಂಡಿಂಗ್ ಅಲುಗಾಡುತ್ತದೆ. ಬೂಟ್ ಹಾಕಿ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಈ ಸ್ಕ್ರೂಗಳು ಹೆಚ್ಚಾಗಿ ಪೋಜಿಡ್ರೈವ್ 3ನೇ ಸೈಜ್. ಮನೆಯಲ್ಲಿರುವ ಸಾಮಾನ್ಯ ಫಿಲಿಪ್ಸ್ ಹಾಕಿ ತಿರುಗಿಸಿದರೆ ತಲೆ ತಿಂದುಹೋಗುತ್ತದೆ. ಸ್ಕ್ರೂ ಸುಮ್ನೆ ಸುತ್ತುತ್ತಲೇ ಇದ್ದರೆ ಒಳಗಿನ ತೂತು ಹಾಳಾಗಿದೆ ಅಂತ ಅರ್ಥ. ಅದನ್ನು ತಿಳಿದವರೇ ಸರಿ ಮಾಡಬೇಕು.

ಊರಲ್ಲಿ ಇಟ್ಟುಕೊಳ್ಳುವುದು ಹೇಗೆ? ಇಲ್ಲಿ ಬಿಸಿಲು, ಧೂಳು ಎರಡೂ ಜಾಸ್ತಿ.

ಬೈಕ್ ತೊಳೆಯುವ ಸರ್ವಿಸ್ ಸ್ಟೇಷನ್‌ಗೆ ಒಯ್ದು ಜೋರು ನೀರು ಹೊಡೆಸಬೇಡಿ. ಒಳಗಿನ ಗ್ರೀಸ್ ಕೊಚ್ಚಿಹೋಗುತ್ತದೆ, ಮಣ್ಣು ಒಳಗೆ ಸೇರುತ್ತದೆ. ತುಕ್ಕಿಗೆ ಹೊಡೆಯುವ ಸ್ಪ್ರೇ ಕೂಡ ಬೇಡ, ಅದೂ ಗ್ರೀಸನ್ನು ಕರಗಿಸುತ್ತದೆ. ಅಂಗಡಿಯಲ್ಲಿ ಸಿಗುವ ಗಾಡಿ ಗ್ರೀಸ್ ಚಳಿಯಲ್ಲಿ ಗಟ್ಟಿಯಾಗಬಹುದು, ಅದನ್ನು ತುಂಬಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಮೆತ್ತನೆ ಬ್ರಷ್‌ನಿಂದ ಹಳಿಯ ಧೂಳು ತೆಗೆದು, ಒಣಗಿಸಿ, ಹೀಲ್ ಮುಚ್ಚಿ ಚೀಲದಲ್ಲಿಡಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುವ ಊರು ನಮ್ಮದು. ತಗಡಿನ ಶೀಟ್ ಕೆಳಗೆ, ಕಾರಿನ ಡಿಕ್ಕಿಯಲ್ಲಿ ಬೂಟ್ ಬಿಡಬೇಡಿ. ಬಕಲ್ ಹಗುರವಾಗಿ ಹಾಕಿ, ನೆರಳಿನ ಕೋಣೆಯಲ್ಲಿಡಿ.

ಸ್ಪ್ರಿಂಗ್ ಸಡಿಲ ಮಾಡಿ ಇಡಬೇಕಾ ಅಂತ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಸಡಿಲ ಮಾಡಿ, ಡಿಸೆಂಬರ್‌ನಲ್ಲಿ ಮರೆತು ಹಾಗೇ ಜಂಪ್ ಮಾಡುವ ಅಪಾಯವೇ ದೊಡ್ಡದು.

ಮನೆಯಲ್ಲೇ ಕೈಯಿಂದ ತಿರುಚಿ ಪರೀಕ್ಷೆ ಮಾಡಬಹುದಾ?

ಬೂಟನ್ನು ಒದ್ದು, ತಿರುಚಿ ನೋಡಿದರೆ ಏನೂ ಸಿಕ್ಕಿಕೊಂಡಿಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಬೈಂಡಿಂಗ್ ಮೇಲೆ ಡಿನ್ 7 ಕಾಣಿಸಿದರೂ ಹಳೆ ಬೈಂಡಿಂಗ್ ಒಳಗೆ ಬೇರೆ ಬಲಕ್ಕೆ ಬಿಚ್ಚುತ್ತಿರಬಹುದು, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರಬಹುದು. ಅದನ್ನು ಹೇಳುವುದು ಟಾರ್ಕ್ ಅಳೆಯುವ ಯಂತ್ರ ಮಾತ್ರ. ದುಬೈನಲ್ಲೋ ಯುರೋಪಿನಲ್ಲೋ ಕೆಲಸ ಮಾಡುವ ಅಕ್ಕ, ಅಣ್ಣ ಇದ್ದರೆ, ಅಲ್ಲಿಗೆ ಹೋದಾಗ ಒಳ್ಳೆ ಸ್ಕೀ ವರ್ಕ್‌ಶಾಪ್ ಹುಡುಕಿ ಬೂಟು, ಸ್ಕೀ ಎರಡನ್ನೂ ಒಯ್ದು ಪರೀಕ್ಷೆ ಮಾಡಿಸಿ. ಎಲ್ಲ ಸರಿ ಇದ್ದೂ, ಇಳಿಯುವುದೂ ಸರಿ ಇದ್ದೂ ಬಿಚ್ಚಿಕೊಳ್ಳುತ್ತಿದೆ ಅಂತಾದರೆ ಆಗ ಸಂಖ್ಯೆ ಏರಿಸುವ ಮಾತು. ತಂತ್ರಜ್ಞರ ಎದುರು, ಅರ್ಧ ಅರ್ಧವಾಗಿ. ಪಟ್ಟಿಗಿಂತ ಮೇಲೆ ಹೋಗುವುದು ನಿಮ್ಮ ನಿರ್ಧಾರ, ಅಪಾಯವೂ ನಿಮ್ಮದು ಅಂತ ತಿಳಿದೇ ಹೋಗಬೇಕು.

ಬೈಂಡಿಂಗ್ ಸರಿ ಇದ್ದರೆ ಮಂಡಿಗೆ ಏನೂ ಆಗುವುದಿಲ್ಲ ಅಲ್ವಾ?

ಹಾಗೆ ಅಂದುಕೊಳ್ಳಬೇಡಿ. ಸಾಮಾನ್ಯ ಬೈಂಡಿಂಗ್ ಕಾಪಾಡಲು ಹೊರಟದ್ದು ಕಾಲಿನ ಮೂಳೆಯನ್ನು. ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದನ್ನು ಅದು ತಡೆಯುತ್ತದೆ ಅಂತ ಭರವಸೆ ಇಲ್ಲ. ಹಿಂದಕ್ಕೆ ಕೂತು ಇಳಿಯುವಾಗ ಬೈಂಡಿಂಗ್ ಬಿಚ್ಚುವ ಮೊದಲೇ ಅದು ಹರಿಯಬಹುದು. ಹಾಗಾಗಿ ತೊಡೆಗೆ ಬಲ ಬೇಕು, ಮುಂದೆ ಬಾಗಿ ಇಳಿಯುವ ಅಭ್ಯಾಸ ಬೇಕು. ಚಿತ್ರದುರ್ಗದವರಿಗೆ ಕೋಟೆ ಇದೆ. ಹತ್ತುವುದಕ್ಕಿಂತ ಇಳಿಯುವುದರ ಕಡೆ ಗಮನ ಕೊಡಿ: ಮೆಟ್ಟಿಲು ನಿಧಾನವಾಗಿ, ಮಂಡಿ ಒಳಕ್ಕೆ ವಾಲದಂತೆ ಇಳಿದರೆ ಜಂಪ್‌ನ ಭಾರ ಹೊರುವ ಸ್ನಾಯುಗಳೇ ಕೆಲಸ ಮಾಡುತ್ತವೆ. ದಾವಣಗೆರೆಯವರು ಒಂದು ಭಾನುವಾರ ಬಸ್ ಹತ್ತಿ.

ಬಾಡಿಗೆ ಸ್ಕೀಯಲ್ಲಿ ಟ್ರಿಕ್ ಮಾಡಬಹುದಾ?

ಚಿಕ್ಕ ಜಂಪ್ ಸರಿ. ಬಾಡಿಗೆ ಬೈಂಡಿಂಗ್ ಎಲ್ಲ ಅಳತೆ ಬೂಟಿಗೂ ಹೊಂದುವಂತೆ ಉದ್ದ ಹಳಿಯ ಮೇಲೆ ಇರುತ್ತದೆ, ಬೆಳಗ್ಗೆ ಇನ್ನೊಬ್ಬರಿಗೆ ಕೂರಿಸಿದ್ದನ್ನೇ ನಿಮಗೆ ಕೊಡಬಹುದು. ನಿಮ್ಮ ಎದುರೇ ಬೂಟ್ ಹಾಕಿ, ಫಾರ್ವರ್ಡ್ ಪ್ರೆಶರ್ ತೋರಿಸಿ ಅಂತ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಅಂಗಡಿಯಿಂದ ತಗೋಬೇಡಿ.

ಸಂಬಂಧಿಕರು ವಿದೇಶದಿಂದ ಹಳೆ ಸ್ಕೀ ತಂದುಕೊಟ್ಟಿದ್ದಾರೆ. ಬಳಸಲಾ?

ಸ್ಕೀ ಬಳಸಬಹುದು, ಬೈಂಡಿಂಗ್ ಬಗ್ಗೆ ಎರಡು ಸಲ ಯೋಚಿಸಿ. ಯಾವ ಮಾದರಿಗಳ ಜವಾಬ್ದಾರಿಯನ್ನು ಇನ್ನೂ ಹೊರುತ್ತೇವೆ ಅಂತ ಕಂಪನಿಗಳು ಪ್ರತಿ ವರ್ಷ ಪಟ್ಟಿ ಕೊಡುತ್ತವೆ. ಆ ಪಟ್ಟಿಯಿಂದ ಹೊರಬಿದ್ದದ್ದನ್ನು ಹೊರದೇಶದ ಒಳ್ಳೆ ಅಂಗಡಿಗಳು ಮುಟ್ಟುವುದೇ ಇಲ್ಲ. ಪ್ಲಾಸ್ಟಿಕ್ ಬಿಳಚಿಕೊಂಡಿದ್ದರೆ, ಬಿರುಕು ಬಿಟ್ಟಿದ್ದರೆ, ಲಿವರ್ ಒತ್ತಿದಾಗ ಕಿರ್ ಅಂದರೆ ತೆಗೆದುಹಾಕಿ. ಮಾದರಿಯ ಹೆಸರು ಮತ್ತು ಬೂಟಿನ ಅಡಿಯ ಉದ್ದ ಕಾಣುವಂತೆ ಫೋಟೋ ತೆಗೆದು, ಹೊರಡುವ ಮೊದಲೇ ನೀವು ಸ್ಕೀ ಮಾಡಲು ಹೋಗುವ ಜಾಗದ ಅಂಗಡಿಗೆ ಕಳಿಸಿ ಕೇಳಿ. ಹೊಸ ಬೈಂಡಿಂಗ್ ಬೇಕಾದರೆ ಅವರು ತರಿಸಿಡಲು ಒಂದಷ್ಟು ದಿನ ಸಿಗುತ್ತದೆ.